ಗೋಡೆಯ ಮೇಲಿನ ಮುತ್ಯಾ, ಮೊಬೈಲಿನೊಳಗಿನ ಮೊಮ್ಮಗ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಜಂತಿಗೆ ತುಸು ಕೆಳಗೆ, ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಫೋಟೊಗಳ ಸಾಲು ಈಗಲೂ ಕಾಣಸಿಗುತ್ತದೆ. ಕೆಲವನ್ನು ಹತ್ತಿರ ಹೋಗಿ ನೋಡಬೇಕು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ಗೋಡೆಗೆ ಒರಗಿ ಕೂತ ಮುತ್ಯಾ. ಸುತ್ತ ಮಕ್ಕಳು, ಮೊಮ್ಮಕ್ಕಳು. ಮುತ್ಯಾನ ಕಣ್ಣು ಮುಚ್ಚಿವೆ. ಲಿಂಗಾಯತರಲ್ಲಿ ಶವವನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಹಾಗೆ ಕೂಡಿಸಿದಾಗ ಪೇಟೆಯಿಂದ ಸ್ಟುಡಿಯೋದವರನ್ನು ಕರೆಸಿ ಫೋಟೊ ಹೊಡೆಸುವ ರೂಢಿ ಇತ್ತು. ಎಷ್ಟೋ ಜನರ ಪಾಲಿಗೆ ಮೊದಲ ಫೋಟೊವೂ ಕೊನೆಯ ಫೋಟೊವೂ ಅದೇ.

ಮುಖ ಮರೆತುಹೋದೀತೆಂಬ ಭಯ ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಫೋಟೊ ತೆಗೆಯುವ ವಿದ್ಯೆ, ಆಗ ಈ ಊರುಗಳೆಲ್ಲ ಸೇರಿದ್ದ ನಿಜಾಮನ ಸೀಮೆಗೂ ಬಂತು. ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕ ಲಾಲಾ ದೀನದಯಾಳ ಅರಮನೆ, ಬೇಟೆ, ಮೆರವಣಿಗೆಗಳನ್ನು ಸೆರೆಹಿಡಿದ. ಒಕ್ಕಲಿಗನ ಮನೆಯ ಸರದಿ ಬಹಳ ತಡವಾಗಿ ಬಂತು.

ಈಗ ಕ್ಯಾಮೆರಾ ಎಲ್ಲರ ಕಿಸೆಯಲ್ಲಿದೆ. ಹಾಗಾದರೆ ನೆನಪು ಗಟ್ಟಿಯಾಯಿತೇ?

ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಒಂದು ವಸ್ತುಸಂಗ್ರಹಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2014ರಲ್ಲಿ ಅಚ್ಚಾಯಿತು. ವಿದ್ಯಾರ್ಥಿಗಳು ಕೆಲವು ವಸ್ತುಗಳನ್ನು ಬರಿಗಣ್ಣಿನಿಂದ ನೋಡಿದರು, ಕೆಲವುಗಳ ಫೋಟೊ ತೆಗೆದರು. ಮರುದಿನ ಕೇಳಿದರೆ, ಫೋಟೊ ತೆಗೆದ ವಸ್ತುಗಳೇ ಹೆಚ್ಚು ಮರೆತುಹೋಗಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ತನ್ನ ಹೊರೆ ಇಳಿಸಿಬಿಡುತ್ತದೆ ಎಂಬುದು ಅವರ ವಿವರಣೆ. ಆದರೆ ಒಂದು ಭಾಗವನ್ನು ಜೂಮ್ ಮಾಡಿ, ಗಮನವಿಟ್ಟು ತೆಗೆದವರಲ್ಲಿ ಈ ಮರೆವು ಕಾಣಲಿಲ್ಲ. ಎಂದರೆ ತಪ್ಪು ಕ್ಯಾಮೆರಾದ್ದಲ್ಲ, ನೋಡದೆ ಒತ್ತುವ ಬೆರಳಿನದು.

ಜೇವರ್ಗಿಯಲ್ಲೇ ಇದಕ್ಕೆ ತಿರುಗುಮುರುಗಿನ ಉದಾಹರಣೆ ಇದೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ನಡುವೆ ಜೇವರ್ಗಿ ಬಳಿಯ ಬೃಹತ್ ಶಿಲಾಯುಗದ ಗೋರಿಗಳನ್ನು ಅಗೆಸಿದ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಚಿತ್ರ ಬರೆಯುವ ಕಲೆ ಇತ್ತು. ಕಲ್ಲಿನ ಜೋಡಣೆಯನ್ನು ನಿಂತು ನೋಡಿ ಬರೆದಿಟ್ಟದ್ದನ್ನು ಪುರಾತತ್ವದವರು ಇಂದಿಗೂ ಉಲ್ಲೇಖಿಸುತ್ತಾರೆ.

ನಡೆಯದೇ ಇದ್ದುದರ ನೆನಪನ್ನೂ ಫೋಟೊ ಹುಟ್ಟಿಸಬಲ್ಲದು. 2002ರಲ್ಲಿ ಸಂಶೋಧಕಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರ ಬಾಲ್ಯದ ಚಿತ್ರಗಳನ್ನು ಬಿಸಿಗಾಳಿ ಬಲೂನಿನೊಳಗೆ ಜೋಡಿಸಿ ಅವರಿಗೇ ತೋರಿಸಿದರು. ಎಂದೂ ಏರದ ಬಲೂನಿನ ಪಯಣವನ್ನು ಅವರಲ್ಲಿ ಅರ್ಧದಷ್ಟು ಜನ ‘ನೆನಪಿಸಿಕೊಂಡರು’!

ಇನ್ನು ದನಿಯ ಮಾತು. ಏನನ್ನು ತೆಗೆಯಬೇಕೆಂದು ತಾವೇ ಆರಿಸಿಕೊಂಡು ಫೋಟೊ ತೆಗೆಯುವವರಿಗೆ ಕಂಡದ್ದು ಹೆಚ್ಚು, ಕೇಳಿದ್ದು ಕಡಿಮೆ ನೆನಪಿರುತ್ತದೆಂದು 2017ರ ಮತ್ತೊಂದು ಅಧ್ಯಯನ ತೋರಿಸಿದೆ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋದವರು ಭೀಮಾ-ಅಮರ್ಜಾ ಸಂಗಮದಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಮಧುಕರಿ ಬೇಡುವವರ ದನಿ ಆ ಚಿತ್ರದಲ್ಲಿ ಎಲ್ಲಿಂದ ಬಂದೀತು?

ಎಲ್ಲ ಫೋಟೊಗಳೂ ನೆನಪಿಗಾಗಿ ಅಲ್ಲ ಎಂಬುದನ್ನೂ ಹೇಳಬೇಕು. 2020ರಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಹೊಲದ ಚಿತ್ರ ಹಾಕುತ್ತಿದ್ದಾರೆ. ಆಳಂದದ ತೊಗರಿ ಹೊಲ ಅಲ್ಲಿ ಪುರಾವೆ. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದಳು. ಇಂಥ ಹೊತ್ತಿನಲ್ಲಿ ನೀರಲ್ಲಿ ನಿಂತ ಬೆಳೆಯ ಚಿತ್ರಕ್ಕೆ ಪರಿಹಾರದ ಅರ್ಜಿಯ ತೂಕವಿರುತ್ತದೆ. ಹತ್ತು ವರ್ಷ ಕಳೆದ ಮೇಲೆ ಆ ಚಿತ್ರವೇ ಮನೆತನದ ಕಥೆಯಾದೀತು, ಹೇಳುವವರು ಇದ್ದರೆ.

ಹೇಳುವವರೇ ಕಡಿಮೆಯಾಗುತ್ತಿದ್ದಾರೆ. ದುಡಿಯಲು ಮುಂಬಯಿ, ಪುಣೆ ಸೇರಿದವರ ಮಕ್ಕಳಿಗೆ ಪಡಸಾಲೆಯ ಫೋಟೊದಲ್ಲಿರುವವರ ಗುರುತು ಹತ್ತುವುದಿಲ್ಲ. ಚಿತ್ರ ಅಳಿಯುವ ಮೊದಲೇ ಅದರ ಹೆಸರು ಅಳಿಯುತ್ತಿದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋದವರು ಒಂದು ಕೆಲಸ ಮಾಡಬೇಕು: ಗೋಡೆಯ ಫೋಟೊ ಇಳಿಸಿ ಆಯಿಯ ಮುಂದಿಡಿ, ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ. ಆಕೆಯ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಹೆಸರುಗಳನ್ನು ಫೋಟೊದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ.