ಅತಿಮಧುರದ ಬೇರು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಔಷಧದ ಚೀಟಿಯನ್ನು ಓದಿ ಹೇಳುವ ಕೆಲಸವೂ ನನ್ನದೇ. ನಾನು ಕಲಿಯುತ್ತಿರುವುದು ಇತಿಹಾಸ, ವೈದ್ಯವಲ್ಲ ಎಂದರೆ ಅವ್ವ ಒಪ್ಪುವುದಿಲ್ಲ. "ಓದಿದ ಮೇಲೆ ಎಲ್ಲಾ ಒಂದೇ ಅಲ್ಲವೇನೋ?" ಎನ್ನುತ್ತಾಳೆ.

ಅವ್ವನಿಗೆ ಬಹುದಿನಗಳಿಂದ ಎದೆಯುರಿ, ಹುಳಿತೇಗು. ಜೀರಿಗೆ ಕಷಾಯ, ಬೂದುಗುಂಬಳದ ರಸ ಎಲ್ಲವೂ ಆದವು. ಕಳೆದ ವರ್ಷ ಯಾರೋ ಹೇಳಿದರೆಂದು ಗ್ರಂಧಿಗೆ ಅಂಗಡಿಯಿಂದ ಅತಿಮಧುರದ ಬೇರನ್ನು ತರಿಸಿ, ಪುಡಿಮಾಡಿ, ಹಾಲಿಗೆ ಬೆರೆಸಿ ಎರಡು ಹೊತ್ತೂ ಕುಡಿಯತೊಡಗಿದಳು. ಉರಿಯೇನೋ ತಗ್ಗಿತು. ಆದರೆ ನಾಲ್ಕು ತಿಂಗಳಾಗುವಷ್ಟರಲ್ಲಿ ಕಾಲುಗಳು ಬಾತುಕೊಂಡವು. ಮೊದಲೇ ಇದ್ದ ರಕ್ತದೊತ್ತಡವು ಮಾತ್ರೆಗೂ ಬಗ್ಗದೆ ಏರಿತು. "ಬೇರೆ ಔಷಧವೇನಾದರೂ ತೆಗೆದುಕೊಳ್ಳುತ್ತಿದ್ದೀರಾ, ಅಮ್ಮ?" ಎಂದು ವೈದ್ಯರು ಕೇಳಿದಾಗ ಅವ್ವ ಇಲ್ಲವೆಂದಳು. ಸುಳ್ಳಲ್ಲ, ಅವಳ ಮಟ್ಟಿಗೆ ಬೇರಿನ ಪುಡಿ ಔಷಧವೇ ಅಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ. ಅಂದಿನಿಂದ ಈ ಬೇರಿನ ವಿಷಯವಾಗಿ ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಜಠರದಲ್ಲಿ ಸ್ರವಿಸುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದನು. ಇಷ್ಟು ತೀಕ್ಷ್ಣವಾದ ಆಮ್ಲವು ಜಠರವನ್ನೇ ಏಕೆ ಸುಡದು? ಅದರ ಒಳಗೋಡೆಗೆ ಲೋಳೆಯ ಹೊದಿಕೆಯಿದೆ. ಅಡಿಗೆಸೋಡಾ ಆಮ್ಲವನ್ನೇ ಮುರಿಯುತ್ತದೆ. ಅತಿಮಧುರದ ದಾರಿ ಬೇರೆ. ಅದು ಮುಖ್ಯವಾಗಿ ಈ ಹೊದಿಕೆಯನ್ನು ಬಲಪಡಿಸುತ್ತದೆಂದು ತಜ್ಞರು ಹೇಳುತ್ತಾರೆ.

ಈ ಗಿಡವು ನಮ್ಮ ಕಾಡಿನದಲ್ಲ, ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯದವರೆಗಿನ ನಾಡುಗಳದು. ಸಂಸ್ಕೃತದಲ್ಲಿ ಯಷ್ಟಿಮಧು, ಎಂದರೆ ಸಿಹಿಕೋಲು. ಗ್ರೀಕರು ಇಟ್ಟ ಹೆಸರಿಗೂ ಸಿಹಿಬೇರು ಎಂದೇ ಅರ್ಥ. 1946ರಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯನು ಇದರ ಸಾರದಿಂದ ಜಠರದ ಹುಣ್ಣುಗಳು ಮಾಯುವುದನ್ನು ವರದಿ ಮಾಡಿದನು. ಕೆಲವು ರೋಗಿಗಳಿಗೆ ಮೈ ಬಾತುದನ್ನೂ ಮರೆಮಾಚಲಿಲ್ಲ. 1960ರ ದಶಕದಲ್ಲಿ ಇದೇ ಬೇರಿನ ಸತ್ವದಿಂದ ಇಂಗ್ಲೆಂಡಿನಲ್ಲಿ ಕಾರ್ಬೆನೊಕ್ಸೊಲೋನ್ ಎಂಬ ಮಾತ್ರೆ ಬಂದಿತು. ಹುಣ್ಣು ಮಾಯಿತು, ಬಾವೂ ಬಂದಿತು! 1976ರಲ್ಲಿ ಆಮ್ಲದ ಸ್ರಾವವನ್ನೇ ತಗ್ಗಿಸುವ ಸಿಮೆಟಿಡಿನ್ ಬಂದ ಮೇಲೆ ಅದು ಹಿಂದೆ ಸರಿಯಿತು.

ಬಾವಿಗೆ ಕಾರಣ ಬೇರಿನ ಸಿಹಿಯೇ. ಆ ಸಿಹಿಯ ಹೆಸರು ಗ್ಲಿಸಿರೈಜಿನ್. ಕಾರ್ಟಿಸೋಲ್ ಎಂಬ ಹಾರ್ಮೋನು ಮೂತ್ರಪಿಂಡದ ಮೇಲೆ ಅಧಿಕಾರ ನಡೆಸದಂತೆ ಅಲ್ಲೊಂದು ಕಿಣ್ವ ಕಾವಲಿದೆ. ಗ್ಲಿಸಿರೈಜಿನ್ ಆ ಕಾವಲನ್ನು ಕಟ್ಟಿಹಾಕುತ್ತದೆ. ಆಗ ಉಪ್ಪೂ ನೀರೂ ಮೈಯಲ್ಲಿ ನಿಲ್ಲುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಈ ಅಂಶವನ್ನು ಬಹುಮಟ್ಟಿಗೆ ತೆಗೆದ ಅತಿಮಧುರವೂ ಈಗ ದೊರೆಯುತ್ತದೆ. ಗ್ರಂಧಿಗೆ ಅಂಗಡಿಯ ಬೇರು ಅದಲ್ಲ.

ಪುಡಿ ಬಿಟ್ಟ ಕೆಲವು ವಾರಗಳಲ್ಲಿ ಅವ್ವನ ಕಾಲಿನ ಬಾವು ಇಳಿಯಿತು. ಉಳಿದ ಬೇರು ಇನ್ನೂ ಡಬ್ಬಿಯಲ್ಲಿದೆ. ಗಂಟಲು ಕಟ್ಟಿದೆ, ಒಂದು ಚೂರು ಅಗಿಯಲೇ ಎಂದು ಮೊನ್ನೆ ಕೇಳಿದಳು. ಚೂರೆಂದರೆ ಎಷ್ಟು ಎಂದೆ. ಕಿರುಬೆರಳನ್ನು ತೋರಿಸಿದಳು. ವೈದ್ಯರನ್ನು ಕೇಳಿ ಹೇಳುತ್ತೇನೆಂದು ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬಂದಿದ್ದೇನೆ.