ನಡು ಅಂಗಣದ ಒಡೆಯ ಬಾಲಕೋವ್

ಬಲ್ಗೇರಿಯವೆಂಬ ಹೆಸರು ಕೇಳಿದೊಡನೆ ನಮ್ಮ ಹಳೆಯ ಕಾಲ್ಚೆಂಡುಪ್ರಿಯರಿಗೆ 1956ರ ಡಿಸೆಂಬರ್ 7 ನೆನಪಾಗುವುದುಂಟು. ಅಂದು ಮೆಲ್ಬೋರ್ನಿನ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕಕ್ಕಾಗಿ ನಡೆದ ಪಂದ್ಯದಲ್ಲಿ ಭಾರತವನ್ನು ಮೂರು ಗೋಲುಗಳಿಂದ ಸೋಲಿಸಿ ಪದಕವನ್ನು ಕೊಂಡೊಯ್ದವರು ಆ ದೇಶದವರೇ. ಮುಂಬಯಿಯ ನೆವಿಲ್ ಡಿಸೋಜ, ಮೈಸೂರು ಸೀಮೆಯ ಕೆಂಪಯ್ಯ ಮೊದಲಾದವರಿದ್ದ ನಮ್ಮ ತಂಡ ನಾಲ್ಕನೆಯ ಸ್ಥಾನದಿಂದ ತೃಪ್ತಿಪಡಬೇಕಾಯಿತು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತ ಅದಕ್ಕಿಂತ ಮೇಲೇರಿದ್ದೇ ಇಲ್ಲ.

ಅಂತಹ ಬಲ್ಗೇರಿಯಕ್ಕೂ ಒಂದು ಕೊರಗಿತ್ತು. 1962ರಿಂದ 1986ರವರೆಗೆ ಐದು ವಿಶ್ವಕಪ್ ಕೂಟಗಳಲ್ಲಿ ಹದಿನಾರು ಪಂದ್ಯಗಳನ್ನಾಡಿಯೂ ಆ ತಂಡ ಒಂದನ್ನಾದರೂ ಗೆದ್ದಿರಲಿಲ್ಲ. ಈ ಅಪಕೀರ್ತಿಯನ್ನು ತೊಳೆದ ತಲೆಮಾರಿನ ಹೆಸರುಗಳಲ್ಲಿ ಲೋಕಕ್ಕೆ ಹೆಚ್ಚು ಪರಿಚಿತವಾದುದು ಸ್ತೋಯ್ಚ್ಕೋವ್. ಗೋಲು ಹೊಡೆದವನ ಹೆಸರು ಮೊದಲು ಬರುವುದು ಲೋಕರೂಢಿ. ಆದರೆ ಚೆಂಡನ್ನು ಅಲ್ಲಿಯವರೆಗೆ ತಂದುಕೊಟ್ಟವರು ಯಾರು? ಅಡುಗೆಮನೆಯಲ್ಲಿ ಭಟ್ಟರು ಎಷ್ಟೇ ರುಚಿಯಾಗಿ ಮಾಡಲಿ, ಹೊರಗೆ ಗಿರಾಕಿ ಎಷ್ಟೇ ಹಸಿದಿರಲಿ, ನಡುವೆ ಓಡಾಡುವ ಮಾಣಿ ಚುರುಕಾಗಿರದಿದ್ದರೆ ಹೋಟೆಲಿನ ಗತಿಯೇನಾದೀತೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಬಲ್ಗೇರಿಯದ ತಂಡದಲ್ಲಿ ಆ ನಡುವಣ ಕೆಲಸವನ್ನು ಹದಿನೈದು ವರ್ಷ ಹೊತ್ತವರು ಕ್ರಾಸಿಮಿರ್ ಬಾಲಕೋವ್.

ಬಾಲಕೋವರು ಹುಟ್ಟಿದ್ದು 1966ರ ಮಾರ್ಚ್ 29ರಂದು, ವೆಲಿಕೊ ಟರ್ನೊವೊ ಎಂಬ ಊರಿನಲ್ಲಿ. ಯಾಂತ್ರಾ ನದಿ ಸುತ್ತುಬಳಸಿ ಹರಿಯುವ, ಬೆಟ್ಟದ ಮೇಲೆ ಹಳೆಯ ಕೋಟೆಯಿರುವ ಈ ಪಟ್ಟಣ ಮಧ್ಯಯುಗದಲ್ಲಿ ಬಲ್ಗೇರಿಯ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ರಾಜವೈಭವ ಹೋಗಿ ಶತಮಾನಗಳಾಗಿದ್ದರೂ ಊರಿನವರಿಗೆ ಏತರ್ ಎಂಬ ತಮ್ಮ ಕಾಲ್ಚೆಂಡು ಸಂಘವೊಂದಿತ್ತು. ಬಾಲಕೋವರು ಅದರಲ್ಲಿಯೇ ಬೆಳೆದರು. ರಾಜಧಾನಿ ಸೋಫಿಯದ ಬಲಾಢ್ಯ ಸಂಘಗಳಾದ ಸಿ.ಎಸ್.ಕೆ.ಎ. ಮತ್ತು ಲೆವ್ಸ್ಕಿಗಳ ಮುಂದೆ ಏತರ್ ಬಡ ಸಂಘವೆಂದೇ ಹೇಳಬೇಕು. ಆದರೂ 1991ರಲ್ಲಿ ಅದು ದೇಶದ ಚಾಂಪಿಯನ್ ಪಟ್ಟವನ್ನು ಮೊಟ್ಟಮೊದಲಿಗೆ ಗೆದ್ದಿತು. ಆ ವೇಳೆಗೆ ಬಾಲಕೋವರು ಊರು ಬಿಟ್ಟಾಗಿತ್ತು.

1989ರ ನವೆಂಬರಿನಲ್ಲಿ ಝಿವ್ಕೋವರ ದೀರ್ಘ ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ ಬಲ್ಗೇರಿಯದ ಆಟಗಾರರಿಗೆ ಹೊರನಾಡಿನ ಹಾದಿ ಸುಗಮವಾಯಿತು. ಒಬ್ಬೊಬ್ಬರಾಗಿ ಹೊರಟವರಲ್ಲಿ ಬಾಲಕೋವರು ಹೋದದ್ದು ಯುರೋಪಿನ ಇನ್ನೊಂದು ತುದಿಯಾದ ಲಿಸ್ಬನ್ನಿಗೆ, ಅಲ್ಲಿನ ಸ್ಪೋರ್ಟಿಂಗ್ ಸಂಘಕ್ಕೆ. ಆ ತಂಡದಲ್ಲಿ ಆಗ ಲೂಯಿಸ್ ಫಿಗೋ ಎಂಬ ಹುಡುಗ ಬೆಳೆಯುತ್ತಿದ್ದ. 1992ರಿಂದ ಕೆಲಕಾಲ ಇಂಗ್ಲಿಷರಾದ ಬಾಬಿ ರಾಬ್ಸನ್ ತರಬೇತುದಾರರಾಗಿದ್ದರು. ಅವರ ಮಾತನ್ನು ಆಟಗಾರರಿಗೆ ಪೋರ್ಚುಗೀಸಿನಲ್ಲಿ ತಿಳಿಸುತ್ತಿದ್ದ ದುಭಾಷಿ ಮುಂದೆ ಜಗದ್ವಿಖ್ಯಾತ ತರಬೇತುದಾರನಾದ ಜೋಸೆ ಮೊರಿನೊ. ಇಂಗ್ಲಿಷ್ ಗುರು, ಪೋರ್ಚುಗೀಸ್ ದುಭಾಷಿ, ಬಲ್ಗೇರಿಯದ ಶಿಷ್ಯ! ಕಾಲಿನ ಭಾಷೆ ಮಾತ್ರ ಎಲ್ಲರಿಗೂ ಒಂದೇ. 1995ರಲ್ಲಿ ಸ್ಪೋರ್ಟಿಂಗ್ ಪೋರ್ಚುಗಲ್ ಕಪ್ ಗೆದ್ದಾಗ ಅಂತಿಮ ಪಂದ್ಯದ ಎರಡು ಗೋಲುಗಳನ್ನೂ ಹೊಡೆದವರು ಇನ್ನೊಬ್ಬ ಬಲ್ಗೇರಿಯದವರೇ, ಇವಾಯ್ಲೊ ಇಯೊರ್ದಾನೋವ್.

ಈ ನಡುವೆ ಬಂದದ್ದು 1994ರ ಅಮೆರಿಕದ ವಿಶ್ವಕಪ್. ಅದಕ್ಕೆ ಅರ್ಹತೆ ದೊರಕಿದ್ದೇ ಒಂದು ರೋಮಾಂಚಕ ಪ್ರಸಂಗ. 1993ರ ನವೆಂಬರ್ 17ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಗೆ ಬೇಕಾಗಿದ್ದದ್ದು ಬರಿಯ ಸಮಬಲ. ಪಂದ್ಯದ ಕಟ್ಟಕಡೆಯ ನಿಮಿಷದಲ್ಲಿ ಕೊಸ್ತಾದಿನೋವ್ ಹೊಡೆದ ಗೋಲಿನಿಂದ ಬಲ್ಗೇರಿಯ 2–1ರಿಂದ ಗೆದ್ದು ಆತಿಥೇಯರನ್ನು ಮನೆಯಲ್ಲಿ ಕೂರಿಸಿತು. ಅಮೆರಿಕದಲ್ಲಾದರೂ ಮೊದಲ ಪಂದ್ಯದಲ್ಲಿ ನೈಜೀರಿಯದ ಕೈಯಲ್ಲಿ 3–0 ಸೋಲು. ಹಳೆಯ ಕಥೆಯೇ ಎಂದು ಜನ ನಗುವಷ್ಟರಲ್ಲಿ ಗ್ರೀಸಿನ ಮೇಲೆ 4–0, ಅರ್ಜೆಂಟೀನದ ಮೇಲೆ 2–0.

ಮೆಕ್ಸಿಕೋದೊಡನೆ ಪಂದ್ಯ ಸಮವಾಗಿ ಪೆನಾಲ್ಟಿಗಳ ಸರದಿ ಬಂದಿತು. ಮೆಕ್ಸಿಕೋದ ಮೊದಲ ಹೊಡೆತ ವ್ಯರ್ಥವಾಯಿತು. ಬಲ್ಗೇರಿಯದ ಪರವಾಗಿ ಮೊದಲು ಮುಂದೆ ಬಂದವರು ಬಾಲಕೋವರು. ಅವರ ಹೊಡೆತವನ್ನು ಗೋಲಿ ಕಾಂಪೋಸ್ ತಡೆದುಬಿಟ್ಟರು. ತಂಡದ ಅತ್ಯಂತ ನಿಖರವಾದ ಎಡಗಾಲು ತಪ್ಪಿದಾಗ ಉಳಿದವರ ಎದೆ ಕುಸಿಯಬೇಕಾಗಿತ್ತು. ಕುಸಿಯಲಿಲ್ಲ. ಗೋಲಿ ಮಿಹಾಯ್ಲೋವ್ ಎರಡು ಹೊಡೆತಗಳನ್ನು ತಡೆದರು, ಬಲ್ಗೇರಿಯದ ಉಳಿದ ಮೂವರೂ ಗುರಿ ತಪ್ಪಲಿಲ್ಲ. ಈ ಮಿಹಾಯ್ಲೋವರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮತ್ತೊಮ್ಮೆ ಬರಲಿದೆ.

ಜುಲೈ 10ರಂದು ಎದುರಾದದ್ದು ಹಿಂದಿನ ಕೂಟದ ಚಾಂಪಿಯನ್ ಜರ್ಮನಿ. ಮತ್ತೌಸರ ಪೆನಾಲ್ಟಿಯಿಂದ ಹಿಂದೆ ಬಿದ್ದ ಬಲ್ಗೇರಿಯ ಮೂರೇ ನಿಮಿಷಗಳ ಅಂತರದಲ್ಲಿ ಎರಡು ಗೋಲು ಹೊಡೆಯಿತು. ಸ್ತೋಯ್ಚ್ಕೋವರದು ಫ್ರೀಕಿಕ್. ಲೆಚ್ಕೋವರದು ಬೋಳುತಲೆಯ ಹೊಡೆತ; ಈ ಮಹನೀಯರು ಮುಂದೆ ತಮ್ಮೂರು ಸ್ಲಿವೆನ್ನಿನ ಮೇಯರರಾದರು. ಉಪಾಂತ್ಯದಲ್ಲಿ ಇಟಲಿಗೆ 2–1ರಿಂದ ಸೋತು, ಮೂರನೆಯ ಸ್ಥಾನದ ಪಂದ್ಯದಲ್ಲಿ ಸ್ವೀಡನ್ನಿಗೆ ನಾಲ್ಕು ಗೋಲು ತೆತ್ತು, ಬಲ್ಗೇರಿಯ ನಾಲ್ಕನೆಯದಾಯಿತು. ಕೂಟದ ಶ್ರೇಷ್ಠ ಹನ್ನೊಂದು ಮಂದಿಯ ಪಟ್ಟಿಯಲ್ಲಿ ಸ್ತೋಯ್ಚ್ಕೋವರ ಜೊತೆಗೆ ಬಾಲಕೋವರ ಹೆಸರೂ ಇತ್ತು.

1995ರಲ್ಲಿ ಅವರು ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿದರು. ಮೋಟಾರು ಕಾರ್ಖಾನೆಗಳ ಆ ನಗರ ಟರ್ಕಿ, ಇಟಲಿ, ಯುಗೋಸ್ಲಾವಿಯಗಳಿಂದ ಹೊಟ್ಟೆಪಾಡಿಗಾಗಿ ಬಂದ ಸಹಸ್ರಾರು ಜನರ ದುಡಿಮೆಯಿಂದ ಬೆಳೆದ ನಗರ. ಅಲ್ಲಿ ಬಾಲಕೋವ್, ಎಲ್ಬರ್, ಬೋಬಿಚ್ ಈ ಮೂವರ ಕೂಟಕ್ಕೆ ಜನ 'ಮಾಯಾ ತ್ರಿಕೋನ' ಎಂದು ಹೆಸರಿಟ್ಟರು. ಎಲ್ಬರ್ ಬ್ರೆಜಿಲಿನವರು. ಬೋಬಿಚ್ ಜರ್ಮನಿಯ ರಾಷ್ಟ್ರೀಯ ತಂಡಕ್ಕೇ ಆಡಿದವರಾದರೂ ಹುಟ್ಟಿದ್ದು ಸ್ಲೊವೇನಿಯದ ಮಾರಿಬೋರಿನಲ್ಲಿ. ಕೈಕೂಸಾಗಿದ್ದಾಗ ತಂದೆತಾಯಿಗಳೊಡನೆ ಬಂದವರು. ಹೀಗೆ ಆ ನಗರವನ್ನು ಕುಣಿಸಿದ ಮೂವರಲ್ಲಿ ಒಬ್ಬರೂ ಅಲ್ಲಿ ಹುಟ್ಟಿದವರಲ್ಲ. ಪರಸ್ಥಳದಲ್ಲಿ ಬಾಳು ಕಟ್ಟಿಕೊಂಡ ನಮ್ಮಂಥವರು ಇದನ್ನು ಓದಿ ಸ್ವಲ್ಪ ಬೀಗಿದರೆ ತಪ್ಪೇನಿಲ್ಲ.

ಆ ತ್ರಿಕೋನದಲ್ಲಿ ಬಾಲಕೋವರ ಪಾತ್ರವೇನು? ಓಟದಲ್ಲಿ ಅವರಿಗಿಂತ ವೇಗಿಗಳು ಬಹಳ ಮಂದಿ ಇದ್ದರು. ಅವರ ಬಲವಿದ್ದದ್ದು ಕಣ್ಣಿನಲ್ಲಿ. ಚೆಂಡು ಕಾಲಿಗೆ ಬರುವ ಮೊದಲೇ ಅದು ಮುಂದೆಲ್ಲಿಗೆ ಹೋಗಬೇಕೆಂಬುದು ನಿರ್ಧಾರವಾಗಿರುತ್ತಿತ್ತು. ಎದುರಾಳಿಗಳು ಎಲ್ಬರರನ್ನು ಸುತ್ತುವರಿದರೆ ಚೆಂಡು ಬೋಬಿಚರಿಗೆ. ಇಬ್ಬರನ್ನೂ ಕಟ್ಟಿಹಾಕಿದರೆ ಇವರೇ ದೂರದಿಂದ ಹೊಡೆಯುತ್ತಿದ್ದರು. 1996–97ರ ಋತುವಿನಲ್ಲಿ ತಂಡದ ಗೋಲುಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಮೂವರವೇ. ತರಬೇತುದಾರರಾಗಿದ್ದವರು ಯೋಆಖಿಂ ಲ್ಯೋವ್. 2014ರಲ್ಲಿ ಜರ್ಮನಿಗೆ ವಿಶ್ವಕಪ್ ತಂದುಕೊಟ್ಟವರು ಇವರೇ. 1997ರಲ್ಲಿ ಜರ್ಮನ್ ಕಪ್ ಕೈಗೆ ಬಂದಿತು. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಯುರೋಪಿನ ಕಪ್ ವಿಜೇತರ ಕೂಟದ ಅಂತಿಮ ಪಂದ್ಯ. ಆಗತಾನೆ ಅಂಗಣಕ್ಕಿಳಿದ ಚೆಲ್ಸಿಯ ಝೋಲಾ ಹೊಡೆದ ಒಂದೇ ಗೋಲಿನಿಂದ ಅದು ಕೈತಪ್ಪಿತು.

ಆ ವೇಳೆಗೆ ಎಲ್ಬರ್ ಬಾಯರ್ನ್ ಸಂಘಕ್ಕೆ ಹೋಗಿದ್ದರು. ತ್ರಿಕೋನ ಮುರಿದರೂ ಬಾಲಕೋವರು 2003ರವರೆಗೆ ಅಲ್ಲಿಯೇ ಉಳಿದರು. ಕೊನೆಯ ಋತುವಿನಲ್ಲಿ, ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಹ್ಲೆಬ್, ಕುರಾನಿ ಮೊದಲಾದ ಹುಡುಗರ ನಡುವೆ ಆಡಿ, ತಂಡ ದೇಶದಲ್ಲಿ ಎರಡನೆಯ ಸ್ಥಾನ ಪಡೆಯುವುದನ್ನು ಕಂಡು ಬೂಟು ಕಳಚಿದರು. ದೇಶಕ್ಕಾಗಿ ಆಡಿದ ಪಂದ್ಯಗಳು 92, ಗೋಲುಗಳು 16.

ಇಲ್ಲಿಯವರೆಗಿನ ಕಥೆಯನ್ನು ಬರೆಯುವುದು ಸುಲಭ. ಮುಂದಿನದು ಹಾಗಲ್ಲ. ಕೈಚಳಕದ ಮಾಣಿಯನ್ನು ಗಲ್ಲದ ಮೇಲೆ ಕೂರಿಸಿದರೆ ಅವನು ಹೋಟೆಲನ್ನು ನಡೆಸಬಲ್ಲನೇ? ಕೆಲವರು ನಡೆಸುತ್ತಾರೆ. ಕೆಲವರಿಗೆ ತಾವು ಸಹಜವಾಗಿ ಮಾಡುತ್ತಿದ್ದುದನ್ನು ಇನ್ನೊಬ್ಬರು ಏಕೆ ಮಾಡಲಾರರೆಂಬುದೇ ಅರ್ಥವಾಗುವುದಿಲ್ಲ. ಬಾಲಕೋವರು ತರಬೇತುದಾರರಾಗಿ ಊರೂರು ಅಲೆದರು. ಸ್ವಿಟ್ಜರ್ಲೆಂಡಿನ ಗ್ರಾಸ್‌ಹಾಪರ್ ಸಂಘದಲ್ಲಿ ಆರಂಭ ಚೆನ್ನಾಗಿಯೇ ಇತ್ತು. ಅದೇ ದೇಶದ ಸೇಂಟ್ ಗ್ಯಾಲನ್ ತಂಡ 2008ರಲ್ಲಿ ಅವರ ಕೈಕೆಳಗೆ ಕೆಳದರ್ಜೆಗಿಳಿಯಿತು. ತಾಯ್ನಾಡಿನ ಬುರ್ಗಾಸ್, ಕ್ರೊಯೇಷಿಯದ ಹೈದುಕ್ ಆದ ಮೇಲೆ 2012ರ ಮಾರ್ಚಿನಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್ ಸಂಘ ಮುಳುಗುತ್ತಿರುವಾಗ ಅವರನ್ನು ಕರೆಯಿತು. ಹಡಗು ಮುಳುಗಿಯೇ ಮುಳುಗಿತು; ಅದರ ದೋಷವನ್ನೆಲ್ಲ ಕಡೆಗೆ ಹತ್ತಿದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಬಳಿಕ ಲಿಟೆಕ್ಸ್, ಮತ್ತೆ ತಮ್ಮೂರಿನ ಏತರ್. 2019ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ತಂಡವೇ ಅವರ ಕೈಗೆ ಬಂದಿತು.

ಅಕ್ಟೋಬರ್ 14ರ ರಾತ್ರಿ ಸೋಫಿಯದ ವಾಸಿಲ್ ಲೆವ್ಸ್ಕಿ ಕ್ರೀಡಾಂಗಣದಲ್ಲಿ ಎದುರಾಳಿ ಇಂಗ್ಲೆಂಡ್. ಹಿಂದಿನ ಪಂದ್ಯಗಳಲ್ಲಿ ಪ್ರೇಕ್ಷಕರು ತೋರಿದ ವರ್ಣದ್ವೇಷಕ್ಕೆ ಶಿಕ್ಷೆಯಾಗಿ ಕ್ರೀಡಾಂಗಣದ ಒಂದು ಭಾಗವನ್ನು ಮುಚ್ಚಲಾಗಿತ್ತು. ಪಂದ್ಯಕ್ಕೆ ಮುಂಚೆ ಬಾಲಕೋವರು, ಈ ಪಿಡುಗು ನಮ್ಮಲ್ಲಿಗಿಂತ ಇಂಗ್ಲೆಂಡಿನಲ್ಲೇ ಹೆಚ್ಚು ಎಂಬರ್ಥದ ಮಾತನ್ನಾಡಿದ್ದರು. ಆಟ ಆರಂಭವಾದ ಮೇಲೆ ಇಂಗ್ಲೆಂಡಿನ ಕಪ್ಪುವರ್ಣದ ಆಟಗಾರರನ್ನು ಕಂಡು ಒಂದು ಗುಂಪು ಮಂಗಗಳಂತೆ ಕೂಗತೊಡಗಿತು. ನಾಜಿಗಳಂತೆ ಕೈಯೆತ್ತಿ ವಂದಿಸಿದವರೂ ಇದ್ದರು. ಮೊದಲರ್ಧದಲ್ಲೇ ಎರಡು ಸಲ ಆಟವನ್ನು ನಿಲ್ಲಿಸಬೇಕಾಯಿತು. ವಿರಾಮದ ವೇಳೆಯಲ್ಲಿ ಬಲ್ಗೇರಿಯದ ನಾಯಕ ಇವೆಲಿನ್ ಪೊಪೋವ್ ಒಬ್ಬರೇ ಕಟಕಟೆಯ ಬಳಿ ಹೋಗಿ ತಮ್ಮವರೊಡನೆ ವಾದಿಸುತ್ತಿದ್ದುದನ್ನು ಜನ ಕಂಡರು. ಇಂಗ್ಲೆಂಡ್ ಆರು ಗೋಲುಗಳಿಂದ ಗೆದ್ದಿತು.

ಪಂದ್ಯ ಮುಗಿದ ಮೇಲೆ ಪತ್ರಕರ್ತರು ಕೇಳಿದಾಗ ಬಾಲಕೋವರು ಕೊಟ್ಟ ಉತ್ತರ, ತಾವು ಅಂತಹ ಕೂಗನ್ನು ಕೇಳಲಿಲ್ಲವೆಂಬುದು. ಆಟದ ಮೇಲೆಯೇ ಗಮನವಿತ್ತೆಂದು ಅವರು ಹೇಳಿದರು. ಇರಬಹುದು. ಆದರೆ ಆಟ ನಿಂತಾಗ, ಧ್ವನಿವರ್ಧಕದಲ್ಲಿ ಎಚ್ಚರಿಕೆ ಮೊಳಗಿದಾಗ, ಅಂಗಣದ ಅಂಚಿನಲ್ಲಿ ನಿಂತ ತರಬೇತುದಾರನ ಕಿವಿಗೆ ಅದೇಕೆಂದು ಬೀಳಲಿಲ್ಲವೇ? ಚೆಂಡಿನ ಹಾದಿಯನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದವರ ಬಾಯಿಂದ ಈ ಮಾತು ಬಂದದ್ದು ಅವರ ಅಭಿಮಾನಿಗಳಿಗೆ ಆರು ಗೋಲುಗಳಿಗಿಂತ ಹೆಚ್ಚು ನೋವು ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ಅವರು ಸ್ವತಃ ಹನ್ನೆರಡು ವರ್ಷ ಪರದೇಶಗಳಲ್ಲಿ ಪರಕೀಯರಾಗಿ ಆಡಿ ಪ್ರೀತಿ ಗಳಿಸಿದವರೆಂಬುದನ್ನು ಮರೆಯುವುದು ಹೇಗೆ?

ಮರುದಿನ ಪ್ರಧಾನಿ ಬೊರಿಸೋವ್, ದೇಶದ ಕಾಲ್ಚೆಂಡು ಸಂಸ್ಥೆಯ ಅಧ್ಯಕ್ಷರು ತೊಲಗಬೇಕೆಂದು ಆಗ್ರಹಿಸಿದರು. ಆ ಅಧ್ಯಕ್ಷರು ಬೇರಾರೂ ಅಲ್ಲ, ಮೆಕ್ಸಿಕೋದ ಪಂದ್ಯದಲ್ಲಿ ಬಾಲಕೋವರ ಮಾನ ಉಳಿಸಿದ ಗೋಲಿ ಮಿಹಾಯ್ಲೋವ್. ಅವರು ಅಂದೇ ರಾಜೀನಾಮೆಯಿತ್ತರು. ಬಾಲಕೋವರು ಇಂಗ್ಲೆಂಡಿನ ಆಟಗಾರರಲ್ಲಿ ಕ್ಷಮೆ ಕೋರಿದರು. 18ರಂದು ತಾವೂ ಹುದ್ದೆ ಬಿಟ್ಟರು. ಅವರ ಅವಧಿಯ ಆರು ಪಂದ್ಯಗಳಲ್ಲಿ ಐದು ಸೋಲು. ಮೊಂಟೆನೆಗ್ರೊ ವಿರುದ್ಧ ಗೋಲಿಲ್ಲದ ಒಂದು ಸಮಬಲ. ಯುರೋಪಿನ ಕಾಲ್ಚೆಂಡು ಸಂಸ್ಥೆ ಬಲ್ಗೇರಿಯಕ್ಕೆ 75,000 ಯೂರೋ ದಂಡ ವಿಧಿಸಿ, ಪ್ರೇಕ್ಷಕರಿಲ್ಲದೆ ಒಂದು ಪಂದ್ಯವನ್ನಾಡಬೇಕೆಂದು ಆಜ್ಞಾಪಿಸಿತು.

1994ರ ಬೇಸಗೆಯಲ್ಲಿ ಜರ್ಮನಿಯನ್ನು ಕೆಡವಿದ ಆ ದೇಶ 1998ರ ಬಳಿಕ 2022ರವರೆಗಿನ ಆರು ವಿಶ್ವಕಪ್‌ಗಳಲ್ಲಿ ಒಂದಕ್ಕೂ ಅರ್ಹತೆ ಪಡೆಯಲಿಲ್ಲ.