ನಡುಮನೆಯ ಆದಾಯ ಎಷ್ಟು?

ಅಮೆರಿಕದ ನಾರ್ತ್ ಡಕೋಟ ರಾಜ್ಯದ ಪಡುವಣ ಅಂಚಿನಲ್ಲಿ ಮೆಕೆಂಜಿ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಗೋಧಿ ಮತ್ತು ದನಗಳನ್ನು ನೆಚ್ಚಿಕೊಂಡಿದ್ದ ಈ ಸೀಮೆಯಲ್ಲಿ 2010ರ ಜನಗಣತಿಯ ವೇಳೆಗೆ ಇದ್ದವರು 6,360 ಮಂದಿ ಮಾತ್ರ. 2020ರ ಗಣತಿಯಲ್ಲಿ ಅವರ ಸಂಖ್ಯೆ 14,704. ನೆಲದಾಳದ ಬಾಕನ್ ಶಿಲಾಪದರವನ್ನು ಬಿರಿಸಿ ಕಚ್ಚಾ ತೈಲ ತೆಗೆಯುವ ವಿದ್ಯೆ ಕೈಗೂಡಿದ್ದೇ ಇದಕ್ಕೆ ಕಾರಣ. ಹಾಗಾದರೆ ಅಲ್ಲಿನ ಮನೆಗಳು ಹಿಂದಿಗಿಂತ ಅನುಕೂಲಸ್ಥವಾದವೇ? ಕೇಳುವುದು ಸುಲಭ, ಲೆಕ್ಕ ಹಾಕುವುದು ಕಷ್ಟ.

ಇಂಥ ಕಡೆ ಸರಾಸರಿ ಮೋಸ ಮಾಡುತ್ತದೆ. ಐದು ಮನೆಗಳ ವರ್ಷದ ಆದಾಯ 20, 30, 40, 60 ಮತ್ತು 300 ಸಾವಿರ ಡಾಲರ್ ಎಂದಿಟ್ಟುಕೊಳ್ಳೋಣ. ಸರಾಸರಿ 90 ಸಾವಿರ. ಐದರಲ್ಲಿ ನಾಲ್ಕು ಮನೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದಲೇ ಸಂಖ್ಯಾಶಾಸ್ತ್ರಜ್ಞರು ಮನೆಗಳನ್ನು ಆದಾಯದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಮನೆಯನ್ನು ಹಿಡಿಯುತ್ತಾರೆ. ಇದೇ ಮಧ್ಯಾಂಕ, ಇಲ್ಲಿ 40 ಸಾವಿರ. ಈಗ 90 ಸಾವಿರ ಮತ್ತು 100 ಸಾವಿರ ದುಡಿಯುವ ಎರಡು ಮನೆಯವರು ಊರಿಗೆ ಹೊಸದಾಗಿ ಬಂದರೆನ್ನಿ. ನಡುಮನೆಯ ಆದಾಯ ಒಮ್ಮೆಲೇ 60 ಸಾವಿರಕ್ಕೆ ಏರುತ್ತದೆ. ಹಳಬರ ಜೇಬಿಗೆ ಒಂದು ಕಾಸೂ ಬಿದ್ದಿಲ್ಲ! ಎಣ್ಣೆ ಸಿಕ್ಕ ಸೀಮೆಯ ಅಂಕಿಗಳನ್ನು ಓದುವಾಗ ಈ ಮಾತನ್ನು ಮರೆಯುವಂತಿಲ್ಲ.

ಕಾಲದಲ್ಲಿ ಹಿಂದಕ್ಕೆ ಹೋದಷ್ಟೂ ತೊಡಕು ಹೆಚ್ಚು. ಅಮೆರಿಕದ ಜನಗಣತಿ ಆದಾಯದ ಪ್ರಶ್ನೆ ಕೇಳಿದ್ದು 1940ರಲ್ಲಿ, ಅದೂ ಕೂಲಿ ಮತ್ತು ಸಂಬಳದ ಮೊತ್ತವನ್ನಷ್ಟೇ. ಬೇರೆ ಮೂಲದಿಂದ 50 ಡಾಲರಿಗೂ ಮಿಕ್ಕಿ ಬಂದಿದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದರೆ ಸಾಕಿತ್ತು. ಸ್ವಂತ ಜಮೀನಿನ ರೈತನ ಗಳಿಕೆ ಈ ಜಾಲರಿಯಲ್ಲಿ ಸೋರಿಹೋಯಿತು. ರೈತರೇ ತುಂಬಿದ್ದ ಕೌಂಟಿಗೆ ಆ ಅಂಕಿ ಎಷ್ಟರಮಟ್ಟಿಗೆ ಹೊಂದೀತು? ಎಲ್ಲ ಬಗೆಯ ಆದಾಯವನ್ನೂ ಕೇಳತೊಡಗಿದ್ದು 1950ರಿಂದ, ಆಗಲೂ ಆಯ್ದ ಕೆಲವರನ್ನು ಮಾತ್ರ. ಹಳೆಯ ಕೋಷ್ಟಕಗಳಲ್ಲಿ ಇನ್ನೊಂದು ತೊಡಕಿದೆ. ಅವು ಬಹುಮಟ್ಟಿಗೆ ಹೇಳುವುದು ಕುಟುಂಬದ, ಅಂದರೆ ನಂಟರಾಗಿ ಒಟ್ಟಿಗಿರುವವರ ಆದಾಯವನ್ನು. ಒಂಟಿಯಾಗಿ ಬದುಕುವ ಮುದುಕಿಯ ಮನೆ ಆ ಲೆಕ್ಕಕ್ಕಿಲ್ಲ, ಇಂದಿನ ಲೆಕ್ಕದಲ್ಲಿ ಅದೂ ಒಂದು ಮನೆ. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ಏರಿಳಿತ ಸುಳ್ಳಾಗುತ್ತದೆ. ಡಾಲರಿನ ಬೆಲೆ ಇಳಿದದ್ದನ್ನು ಕಳೆಯುವ ಕೆಲಸ ಬೇರೆ.

2000ದ ಗಣತಿಯವರೆಗೆ ಸುಮಾರು ಆರು ಮನೆಗೊಂದರಂತೆ ಉದ್ದನೆಯ ನಮೂನೆ ಹೋಗುತ್ತಿತ್ತು. ಅದರ ಜಾಗಕ್ಕೆ 2005ರಿಂದ ಪೂರ್ಣಪ್ರಮಾಣದಲ್ಲಿ ಬಂದದ್ದು ವರ್ಷವಿಡೀ ನಡೆಯುವ ಮಾದರಿ ಸಮೀಕ್ಷೆ. 65 ಸಾವಿರಕ್ಕಿಂತ ಕಡಿಮೆ ಜನರಿರುವ ಕೌಂಟಿಗಳಲ್ಲಿ ಒಂದು ವರ್ಷದ ಉತ್ತರಗಳು ಸಾಲವು. ಐದು ವರ್ಷದ್ದನ್ನು ಕೂಡಿಸಿ ಒಂದು ಅಂದಾಜು ಕೊಡುತ್ತಾರೆ, ಜೊತೆಗೆ ಇಷ್ಟು ಹೆಚ್ಚುಕಡಿಮೆ ಇರಬಹುದೆಂಬ ಅಂತರವನ್ನೂ ಮುದ್ರಿಸುತ್ತಾರೆ. ಪತ್ರಿಕೆಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಇದನ್ನೇ. 2014ರ ಕೊನೆಗೆ ತೈಲಬೆಲೆ ಕುಸಿಯಿತು. ಐದು ವರ್ಷದ ಅಂದಾಜಿನಲ್ಲಿ ಆ ಭರಾಟೆ, ಈ ಕುಸಿತ ಎರಡೂ ಕಲಸಿಹೋಗುತ್ತವೆ. 2010–14ನ್ನು 2011–15ರ ಪಕ್ಕದಲ್ಲಿಟ್ಟರೆ ನಾಲ್ಕು ವರ್ಷ ಎರಡರಲ್ಲೂ ಇರುತ್ತವೆ; ಹೋಲಿಸಬೇಕಾದದ್ದು 2015–19ರೊಂದಿಗೆ. ಇನ್ನು ಎಣ್ಣೆ ಬಾವಿಯ ಕಾರ್ಮಿಕರ ಸಾಮೂಹಿಕ ಶಿಬಿರಗಳಂತೂ ಮನೆಗಳೆಂದೇ ಎಣಿಕೆಯಾಗುವುದಿಲ್ಲ. ತೈಲದ ರಾಜಧನ ಪಡೆಯುವ ಜಮೀನುದಾರ ಬೇರೆ ರಾಜ್ಯದಲ್ಲಿ ನೆಲೆಸಿದ್ದರೆ ಆ ಹಣ ಸೇರುವುದು ಅಲ್ಲಿಯ ಲೆಕ್ಕಕ್ಕೆ.

ವರ್ಷವರ್ಷದ ಅಂಕಿಯೇ ಬೇಕೆನ್ನುವವರಿಗೆ ಗಣತಿ ಇಲಾಖೆ 1990ರ ದಶಕದಿಂದ ಇನ್ನೊಂದು ದಾರಿ ತೆರೆದಿದೆ. ಸಮೀಕ್ಷೆಯ ಉತ್ತರಗಳಿಗೆ ಆದಾಯ ತೆರಿಗೆಯ ದಾಖಲೆ, ಸರ್ಕಾರಿ ಆಹಾರ ನೆರವು ಪಡೆಯುವವರ ಸಂಖ್ಯೆ ಮುಂತಾದವನ್ನು ಬೆರೆಸಿ ಪ್ರತಿ ಕೌಂಟಿಗೂ ಗಣಿತದ ಮಾದರಿಯಿಂದ ಅಂದಾಜು ತೆಗೆಯುವುದು. ಹೆಸರು ಹೇಳದೆ ತೆರಿಗೆ ಕಡತ ನುಡಿಯುವ ಸಾಕ್ಷ್ಯ ಎನ್ನಬಹುದು. ನಮ್ಮಲ್ಲಿ ಈ ಹಾದಿ ಸುಲಭವಲ್ಲ: 2011ರ ಜನಗಣತಿಯಲ್ಲೂ ಆದಾಯದ ಪ್ರಶ್ನೆ ಇರಲಿಲ್ಲ, ಕೃಷಿ ಆದಾಯ ಕೇಂದ್ರದ ತೆರಿಗೆಯ ಹೊರಗಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆ ಬಹುಕಾಲ ನೆಚ್ಚಿದ್ದು ಮನೆಯ ಖರ್ಚನ್ನು.

ಅಮೆರಿಕದ ಹಳ್ಳಿಗಾಡಿನಲ್ಲಿ ಈ ಅಂಕಿಯಿಂದ ನಲ್ಲಿ ನೀರೂ ತೂಗುತ್ತದೆ. ನೀರು, ಒಳಚರಂಡಿ ಯೋಜನೆಗಳಿಗೆ ಅಲ್ಲಿನ ಕೃಷಿ ಇಲಾಖೆ ಅನುದಾನ ಕೊಡುವಾಗ ನೋಡುವುದು ಆ ಪ್ರದೇಶದ ನಡುಮನೆಯ ಆದಾಯವನ್ನು. ಮಿತಿ ಮೀರಿದರೆ ಅನುದಾನವಿಲ್ಲ, ಸಾಲವಷ್ಟೇ. ಅದನ್ನು ತೀರಿಸಬೇಕಾದದ್ದು ಪಿಂಚಣಿಯಲ್ಲಿ ಬದುಕುವ ಹಳೆಯ ನಿವಾಸಿಗಳೂ ಸೇರಿ ಕಟ್ಟುವ ನೀರಿನ ಬಿಲ್ಲಿನಿಂದ. ನೂರಿನ್ನೂರು ಮನೆಗಳ ಊರಿನಲ್ಲಿ ಸಮೀಕ್ಷೆಗೆ ಸಿಕ್ಕವರು ಬೆರಳೆಣಿಕೆಯಷ್ಟಾದರೆ ಅಂದಾಜು ಯಾವ ಕಡೆಗಾದರೂ ಜಾರಬಹುದು. ಸರ್ಕಾರದ ಅಂಕಿ ತಮ್ಮ ಊರಿಗೆ ಹೊಂದುವುದಿಲ್ಲ ಎಂದು ಕಂಡರೆ ಮನೆಮನೆಗೆ ಹೋಗಿ ಬೇರೆ ಆದಾಯ ಸಮೀಕ್ಷೆ ನಡೆಸಿ ಇಲಾಖೆಯ ಮುಂದಿಡಲು ನಿಯಮದಲ್ಲಿ ಅವಕಾಶವಿದೆ.